ರೋಜ್ ಹದಿನೈದು

೧೭ ನವೆಂಬರ್ ೨೦೨೪, ರವಿವಾರ

ಒಟ್ಟು ಖರ್ಚು: ಎರಡು ರವಿವಾರ, ಏಳು ಕಪ್ ಚಹಾ, ಪುಣೆಯ ಪರಿಚಯದವನಿಗೆ ಮೂರು ಫೋನು, ಮನೆಯಾಕೆಯಿಂದ ಒಂದು ಚುಚ್ಚುಮಾತು. ನಗದು ಸೊನ್ನೆ. ಇಷ್ಟರಲ್ಲಿ ಅಂಗಡಿಯ ಕಂಪ್ಯೂಟರಿನ ಒಳಗಿನ ಹೆಸರುಗಳೆಲ್ಲ ನಾಲ್ಕು ಮಂದಿಗೆ ತೋರಿಸುವಂತಾದವು. ಇದಕ್ಕಿಂತ ಅಗ್ಗದ ವ್ಯವಹಾರ ಈ ವರ್ಷ ನನ್ನ ಕೈಯಲ್ಲಿ ಆಗಿಲ್ಲ.

ಈ ವಹಿಯನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಭಾಷಾಭಿಮಾನವಲ್ಲ. ಅಂಗಡಿಯಲ್ಲಿ ಕನ್ನಡ ಓದಬಲ್ಲವರು ಯಾರೂ ಇಲ್ಲ, ಅಷ್ಟೇ. ಬಿಲ್ಲು ಇಂಗ್ಲಿಷಿನಲ್ಲಿ, ಮಾತು ಮರಾಠಿಯಲ್ಲಿ, ಗುಟ್ಟು ಕನ್ನಡದಲ್ಲಿ.

ಮಿರಜ ಸ್ಟೇಷನ್ ರಸ್ತೆಯಲ್ಲಿ ಎಸ್‌ಟಿಡಿ ಬೂತು ಇಟ್ಟವನು ನಾನು. ಅದು ಹೋಯಿತು, ಸಿಡಿ ನಕಲು ಮಾಡಿದೆ. ಅದೂ ಹೋಯಿತು, ಈಗ ಮಂದಿಯ ಕಡತ ಕಾಯುತ್ತೇನೆ. ಈ ಊರಿನಲ್ಲಿ ಹತ್ತು ಹೆಜ್ಜೆಗೊಂದು ದವಾಖಾನೆ. ಅವರ ಎಕ್ಸ್‌ರೇ, ಸ್ಕ್ಯಾನು ಎಲ್ಲ ನನ್ನ ಡಿಸ್ಕಿನಲ್ಲಿ ಮಲಗುತ್ತವೆ. ಎರಡು ವರ್ಷದಿಂದ ಅನುಜಾ ಮ್ಯಾಡಮ್ಮರ ಕೇಂದ್ರದ ಕೆಲಸವೂ ಇದೆ. ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಸಿಕೊಳ್ಳುವವರು ಆಪರೇಶನ್ನಿಗೆ ಮುಂಚೆ ಅಲ್ಲಿ ಬಂದು ತಮ್ಮ ದಿನಬಳಕೆಯ ಮಾತುಗಳನ್ನು ರೆಕಾರ್ಡ್ ಮಾಡಿಸುತ್ತಾರೆ. ಆಮೇಲೆ ಫೋನಿನಲ್ಲಿ ಗುಂಡಿ ಒತ್ತಿದರೆ ಅವರದೇ ದನಿ ಮಾತಾಡುತ್ತದೆ. ರೆಕಾರ್ಡ್ ಮಾಡಲು ನನ್ನ ಅಂಗಡಿಯ ಹೆಣ್ಣುಮಗಳು ಹೋಗುತ್ತಾಳೆ. ಮೂವತ್ತಾರು ವಯಸ್ಸು, ಕೆಲಸದಲ್ಲಿ ಚುರುಕು, ಹೆಸರಿಡುವುದರಲ್ಲಿ ಮಾತ್ರ ಶಿಸ್ತಿಲ್ಲ.

ನಮ್ಮ ಪದ್ಧತಿ ಹೀಗಿದೆ. ಡಿಸ್ಕಿನಲ್ಲಿ ಈ ಕೆಲಸಕ್ಕೆ ಒಂದು ಫೈಲ್ ಸಿಸ್ಟಮ್, ಅಂದರೆ ಒಂದು ಕೋಣೆ. ಒಬ್ಬ ಪೇಶಂಟಿನ ಮಾತನ್ನೆಲ್ಲ ಆ ಕೋಣೆಯಲ್ಲಿ ತುಂಬುವುದು, ಸ್ನ್ಯಾಪ್‌ಶಾಟ್ ತೆಗೆಯುವುದು, ಆಮೇಲೆ ಕೋಣೆ ಖಾಲಿ ಮಾಡಿ ಮುಂದಿನವರಿಗೆ ಬಿಡುವುದು. ಕೋಣೆ ಖಾಲಿಯಾದರೂ ಸ್ನ್ಯಾಪ್‌ಶಾಟಿನಲ್ಲಿ ಆ ಗಳಿಗೆಯ ಕೋಣೆ ಇದ್ದ ಹಾಗೇ ಇರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ ಮಾಡೋಣ, ಇನ್ನೊಂದು ಡಿಸ್ಕಿನಲ್ಲಿ ನಕಲು ಇಡೋಣ ಎಂದು ಅಂಗಡಿಯ ಹೆಣ್ಣುಮಗಳು ಎರಡು ಸಲ ಹೇಳಿದ್ದಳು. ಸ್ನ್ಯಾಪ್‌ಶಾಟ್ ಇರುವಾಗ ನಕಲು ಯಾಕೆ ಎಂದು ನಾನೇ ಬೇಡವೆಂದೆ.

ಕೋಣೆಯ ಹೆಸರು ‘ಸಾಯಲಿ’, ಏಕೆಂದರೆ ಅದನ್ನು ಮಾಡಿದ ಈ ಹೆಣ್ಣುಮಗಳ ಹೆಸರು ಸಾಯಲಿ. ಸ್ನ್ಯಾಪ್‌ಶಾಟುಗಳ ಹೆಸರು ಇನ್ನೂ ಚೆಂದ: ಸಾತವ್ವ-ಮಳಿ. ಪರಸಪ್ಪ-ಎರಡನೇಸಲ. ರಾವಸಾಬ-ಶನಿವಾರ. ಬುಧವಾರ ಕೊಲ್ಹಾಪುರದ ಒಂದು ಟ್ರಸ್ಟಿನವರು ನಮ್ಮ ವ್ಯವಸ್ಥೆ ನೋಡಲು ಬರುತ್ತಾರೆ, ಅವರದು ಮೂರು ದವಾಖಾನೆ. ಇದನ್ನು ನೋಡಿದರೆ ಮದುವೆಯ ಮುಯ್ಯಿ ಪಟ್ಟಿ ಎಂದುಕೊಂಡಾರು.

ಅದಕ್ಕೇ ಬದಲಿಸಿದೆ. ಕಪ್ಪು ಪರದೆಯ ಮೇಲೆ ‘ರಿನೇಮ್’ ಎಂದು ಬರೆದು, ಹಳೆಯ ಹೆಸರು, ಪಕ್ಕದಲ್ಲಿ ಹೊಸ ಹೆಸರು, ಎಂಟರ್. ಕೋಣೆ ‘ವಾಣಿ’ ಆಯಿತು. ಸ್ನ್ಯಾಪ್‌ಶಾಟುಗಳು ರೋಜ್-ಒಂದರಿಂದ ರೋಜ್-ಹತ್ತೊಂಬತ್ತು. ಅಂಗಡಿಯ ಮಿಕ್ಕ ದಿನನಿತ್ಯದ ಸ್ನ್ಯಾಪ್‌ಶಾಟುಗಳಿಗೂ ರೋಜ್, ಅಂದರೆ ದಿನದ್ದು, ಎಂಬ ಹೆಸರೇ ಇದೆ. ಎಲ್ಲ ಒಂದೇ ಸಾಲಿಗೆ ಬಂದವು. ಆಜ್ಞೆ ನಡೆದರೆ ಆ ಪರದೆ ಮಾತಾಡುವುದಿಲ್ಲ, ತಪ್ಪಿದರೆ ಮಾತ್ರ ಬೈಯುತ್ತದೆ. ನಾನು ಇಪ್ಪತ್ತು ಸಲ ಎಂಟರ್ ಒತ್ತಿದೆ, ಅದು ಇಪ್ಪತ್ತು ಸಲ ಸುಮ್ಮನಿತ್ತು.

ನಾವು ಜೈನರು, ಊಟ ಹೊತ್ತು ಮುಳುಗುವ ಮುಂಚೆಯೇ. ಸಾಂಗ್ಲಿಯ ಮನೆಗೆ ಬಂದು ತಾಟಿಗೆ ಕುಳಿತಾಗ ಪರಾಕ್ರಮ ಹೇಳಿದೆ. ಮನೆಯಾಕೆ ರೊಟ್ಟಿ ಹಾಕುತ್ತ, “ಹೆಸರ ಬದಲ ಮಾಡೂದು ನಿಮಗೇನ ಹೊಸಾದರಿ?” ಎಂದಳು. ಮದುವೆಯಲ್ಲಿ ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ನಾನು ಆಕೆಯ ಹೊಸ ಹೆಸರು ‘ಮಾಣಿಕ’ ಎಂದು ಬರೆದದ್ದನ್ನು ಆಕೆ ಇನ್ನೂ ಮರೆತಿಲ್ಲ. ತವರಿನಲ್ಲಿ ಬೇರೆ ಹೆಸರಿತ್ತು. ಮೂವತ್ತೊಂದು ವರ್ಷ ಆಯಿತು, ಅದರಿಂದ ಯಾರಿಗೂ ಏನೂ ನಷ್ಟವಾಗಿಲ್ಲ.

೨೦ ನವೆಂಬರ್, ಬುಧವಾರ

ಕೊಲ್ಹಾಪುರದವರು ಮೂವರು ಬಂದು ಹೋದರು. ಪರದೆಯ ಮೇಲೆ ಪಟ್ಟಿ ಒಪ್ಪವಾಗಿ ಕಂಡಿತು. ಹತ್ತೊಂಬತ್ತು ಸಾಲು ಇರಬೇಕಿತ್ತಲ್ಲ ಎಂದು ಒಂದು ಗಳಿಗೆ ಅನಿಸಿತು. ಉಳಿದದ್ದು ಮೇಲೆ ಸರಿದಿರಬೇಕು. ಅತಿಥಿಗಳ ಎದುರು ಎಣಿಸುತ್ತ ಕೂರುವುದು ಚೆನ್ನಲ್ಲ. ಅನುಜಾ ಮ್ಯಾಡಮ್ಮೇ ಅವರಿಗೆ ನನ್ನ ಹೆಸರು ಹೇಳಿದವರು. ಫೋನ್ ಮಾಡಿ ಧನ್ಯವಾದ ಹೇಳಿದೆ.

ಸಾಯಲಿ ಸೋಮವಾರವೇ ತನ್ನ ಹೆಸರುಗಳು ಎಲ್ಲಿ ಹೋದವೆಂದು ಕೇಳಿದ್ದಳು. ಹಳೆಯದು ಒಂದು ಬದಿ, ಹೊಸದು ಒಂದು ಬದಿ ಬರೆದು ಒಂದು ಚೀಟಿ ಕೊಟ್ಟೆ. ಎರಡು ಸಲ ಓದಿ ಗೋಡೆಗೆ ಅಂಟಿಸಿದಳು.

೩ ಡಿಸೆಂಬರ್, ಮಂಗಳವಾರ

ಕೆಟ್ಟ ದಿನ.

ಪೇಶಂಟ್ ಹದಿನೈದು ಬಂದಿದ್ದ. ಅಕ್ಟೋಬರ್ ಐದರಂದು ಶನಿವಾರ ರೆಕಾರ್ಡ್ ಮಾಡಿಸಿ, ಮುಂದಿನ ವಾರ ಆಪರೇಶನ್ ಮಾಡಿಸಿಕೊಂಡವನು. ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ಹಮಾಲ, ಮೂಲ ರಾಯಬಾಗ ಕಡೆಯವನು, ಈಗ ಹರಿಪುರದಲ್ಲಿದ್ದಾನೆ. ಅವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಗಾಯ ಮಾಯುವಷ್ಟರಲ್ಲಿ ದೇಣಿಗೆಯ ಫೋನು ಬರುತ್ತದೆ, ಆಗ ಮಾತು ಹಾಕಿಕೊಡೋಣ ಎಂದು ಮ್ಯಾಡಮ್ಮು ಹೇಳಿದ್ದರಂತೆ. ಇವತ್ತು ಆ ಫೋನು ಬಂತು. ಹೆಂಡತಿಯನ್ನು ಕರೆದುಕೊಂಡು ಅವನೂ ಬಂದ. ಸಾಯಲಿ ಚೀಟಿ ನೋಡಿ ರೋಜ್-ಹದಿನೈದನ್ನು ಹುಡುಕಿದಳು.

ಇಲ್ಲ.

ಹತ್ತೊಂಬತ್ತರಲ್ಲಿ ಮೂರು ಮಾತ್ರ ಇದ್ದವು. ಹೋದ ಹದಿನಾರರಲ್ಲಿ ಹದಿನೈದು ಮಂದಿಯ ಮಾತು ಮೊದಲೇ ಅವರವರ ಫೋನಿಗೆ ಹೋಗಿತ್ತು, ಅವರಿಗೆ ಬಾಧೆ ಇಲ್ಲ. ಇವನೊಬ್ಬನದು ಬೇರೆಲ್ಲೂ ಇಲ್ಲ. ರೆಕಾರ್ಡರಿನ ಕಾರ್ಡಿನ ಮೇಲೆ ಆಮೇಲೆ ಆರು ಜನರ ದನಿ ಕುಳಿತಿದೆ. ಪುಣೆಯವನಿಗೆ ಕೇಳಿದೆ. ಮೊದಲ ಗಂಟೆಯಲ್ಲಾಗಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಡಿಸ್ಕು ಆ ಜಾಗದಲ್ಲಿ ಬೇರೆಯದನ್ನು ಬರೆದುಬಿಟ್ಟಿದೆ ಎಂದ.

ಅನುಜಾ ಮ್ಯಾಡಮ್ ಫೋನಿನಲ್ಲಿ ಕೇಳಿದರು, ಹೇಗಾಯಿತು ಎಂದು. ಸಾಯಲಿ ಎದುರಿಗೇ ನಿಂತಿದ್ದಳು. ಹೆಸರಿಡುವುದಕ್ಕೂ ಶಿಸ್ತಿಲ್ಲದವರ ಕೈಗೆ ಕೆಲಸ ಕೊಟ್ಟದ್ದು ನನ್ನ ತಪ್ಪು, ಕೋಣೆ ಖಾಲಿ ಮಾಡುವಾಗ ಸ್ನ್ಯಾಪ್‌ಶಾಟನ್ನೂ ಅಳಿಸಿರಬೇಕು ಎಂದೆ. ಮರಾಠಿಯಲ್ಲಿ ಹೇಳುವಾಗ ಅದು ಇನ್ನಷ್ಟು ನಯವಾಗಿ ಕೇಳಿಸಿತು.

ಫೋನ್ ಇಟ್ಟ ಮೇಲೆ ಸಾಯಲಿ ಒಂದೇ ಮಾತು ಹೇಳಿದಳು: “ಕಾಕಾ, ನಾ ಅಳಿಸಿಲ್ಲ.”

೪ ಡಿಸೆಂಬರ್, ಬುಧವಾರ

ಟೇಬಲ್ಲಿನ ಮೇಲೆ ಅಂಗಡಿಯ ಕೀಲಿಕೈ ಇತ್ತು. ಚೀಟಿ ಗೋಡೆಯ ಮೇಲೇ ಇತ್ತು.

೮ ಡಿಸೆಂಬರ್, ರವಿವಾರ

ಸತ್ಯ ನನ್ನ ಪಕ್ಷದಲ್ಲಿದೆ ಎಂದು ಸಿದ್ಧಮಾಡಲು ಹೋದೆ. ಹೋಗಬಾರದಿತ್ತು.

ಈ ವ್ಯವಸ್ಥೆಯಲ್ಲಿ ಒಂದು ಗುಣವಿದೆ. ಹೆಸರು ಬದಲಿಸಿದ್ದು, ಅಳಿಸಿದ್ದು, ಯಾವ ದಿನ ಎಷ್ಟು ಗಂಟೆಗೆ ಎಂದು ಡಿಸ್ಕು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಯಾರೂ ತಿದ್ದಲಾಗದ ರೋಜುವಹಿ. ‘ಹಿಸ್ಟರಿ’ ಎಂದು ಕೇಳಿದರೆ ಮೊದಲ ದಿನದಿಂದ ಓದಿ ಹೇಳುತ್ತದೆ. ಅದನ್ನು ಅಚ್ಚು ಹಾಕಿ ಮ್ಯಾಡಮ್ಮಿಗೆ ಕೊಡೋಣ, ಸಾಯಲಿಯ ತಪ್ಪಿನ ಕೆಳಗೆ ಗೆರೆ ಎಳೆಯೋಣ ಎಂದು ಕುಳಿತೆ.

ಅಕ್ಟೋಬರ್ ೫, ಸಂಜೆ ೪.೧೦: ರಾವಸಾಬ-ಶನಿವಾರ, ಸ್ನ್ಯಾಪ್‌ಶಾಟ್ ಆಗಿದೆ.

ನವೆಂಬರ್ ೧೭, ಮಧ್ಯಾಹ್ನ ೩.೨೨: ರಾವಸಾಬ-ಶನಿವಾರ ಎಂಬುದು ರೋಜ್-ಹದಿನೈದು ಆಗಿದೆ.

ನವೆಂಬರ್ ೧೮, ಬೆಳಗಿನ ೫.೦೦: ರೋಜ್-ಹದಿನೈದು ಅಳಿದಿದೆ.

ರವಿವಾರ ಮೂರೂ ಇಪ್ಪತ್ತೆರಡಕ್ಕೆ ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಆರನೇ ಕಪ್ ಚಹಾ. ಬೆಳಗಿನ ಐದಕ್ಕೆ ಯಾರೂ ಇರಲಿಲ್ಲ, ಝಾಡೂ ಇತ್ತು. ಝಾಡೂ ಅಂದರೆ ಕಸಬರಿಗೆ, ಎರಡು ವರ್ಷದ ಹಿಂದೆ ಡಿಸ್ಕಿನ ಜಾಗ ಉಳಿಸಲೆಂದು ನಾನೇ ಬರೆದಿಟ್ಟ ನಾಲ್ಕು ಸಾಲು: ಹೆಸರು ‘ರೋಜ್’ ಎಂದು ಶುರುವಾಗಬೇಕು, ಮೂವತ್ತು ದಿನ ದಾಟಿರಬೇಕು, ಅಂಥದ್ದನ್ನು ದಿನಾ ಬೆಳಿಗ್ಗೆ ಗುಡಿಸು. ಹೆಸರು ಬದಲಿಸಿದರೆ ಸ್ನ್ಯಾಪ್‌ಶಾಟ್ ಹುಟ್ಟಿದ ದಿನ ಬದಲಾಗುವುದಿಲ್ಲ. ರಾವಸಾಬ-ಶನಿವಾರ ಎಂಬ ಹೆಸರಿರುವ ತನಕ ಝಾಡೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಆ ಶಿಸ್ತಿಲ್ಲದ ಹೆಸರೇ ಅದನ್ನು ನಲವತ್ತಮೂರು ದಿನ ಕಾದಿತ್ತು.

ಅಚ್ಚು ಹಾಕಲಿಲ್ಲ.

೯ ಡಿಸೆಂಬರ್

ಹೇಳಲಿಲ್ಲ. ಮ್ಯಾಡಮ್ ಊರಲ್ಲಿರಲಿಲ್ಲ.

೧೦ ಡಿಸೆಂಬರ್

ಮ್ಯಾಡಮ್ ಊರಲ್ಲಿದ್ದರು. ಹೇಳಲಿಲ್ಲ.

೧೨ ಡಿಸೆಂಬರ್, ಗುರುವಾರ

ಕೊಲ್ಹಾಪುರದವರ ಪತ್ರ ಬಂತು. ಮೂರೂ ದವಾಖಾನೆಯ ಕೆಲಸ ನನಗೇ, ಜನವರಿಯಿಂದ ಶುರು. ಪೇಢೆ ತಂದೆ. ಹಂಚಲು ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಪತ್ರಕ್ಕೆ ಪಿನ್ನು ಹಾಕಲು ಸ್ಟೇಪ್ಲರ್ ಹುಡುಕುತ್ತ ಸಾಯಲಿಯ ಡ್ರಾವರು ತೆಗೆದೆ. ಒಳಗೆ ರಾವಸಾಬನ ಮಾತಿನ ಪಟ್ಟಿ. ಇನ್ನೂರ ಹನ್ನೆರಡು ವಾಕ್ಯ, ಪ್ರತಿಯೊಂದರ ಮುಂದೆ ಹೇಳಿ ಮುಗಿಸಿದ್ದಕ್ಕೆ ಒಂದು ಟಿಕ್. ಆಕೆಗೆ ಕನ್ನಡ ತಿಳಿಯುತ್ತದೆ, ಬರೆಯಲು ಬರುವುದಿಲ್ಲ. ಅವನ ಕನ್ನಡವನ್ನು ದೇವನಾಗರಿಯಲ್ಲಿ ಬರೆದಿದ್ದಾಳೆ. ಕೇಂದ್ರದವರು ಕೊಡುವ ಸಿದ್ಧಪಟ್ಟಿ ಮರಾಠಿಯದು: ನೀರು ಕೊಡಿ, ನೋವಿದೆ, ಡಾಕ್ಟರರನ್ನು ಕರೆಯಿರಿ. ಅದನ್ನು ಬಿಟ್ಟು ಇವನು ತನ್ನದೇ ಹೇಳಿದ್ದಾನೆ.

ಮೂರು: ದಾರಿ ಬಿಡ್ರೆಪಾ, ಚೀಲ ಬಂತು. ಹನ್ನೊಂದು: ಎಮ್ಮಿಗೆ ನೀರ ಕುಡಿಸಿದ್ಯಾ? ಇಪ್ಪತ್ತಾರು: ಯಶ, ಏಳೋ, ಶಾಲಿಗೆ ಹೊತ್ತಾತು. ಅರವತ್ತು: ಚಾದಾಗ ಸಕ್ರಿ ಮರತಿ. ಅರವತ್ತೊಂದು: ಸಿಟ್ಟಾಗಬ್ಯಾಡ, ನಗಲಾಕ ಅಂದ್ನಿ. ನೂರ ನಲವತ್ತು: ಒಂದು ಹಳೆಯ ಬೈಗುಳ, ಅದಕ್ಕೆ ಎರಡು ಟಿಕ್. ಮೊದಲ ಸಲ ನಗು ಬಂದಿರಬೇಕು.

ಏಳನೆಯದರ ಮುಂದೆ ಸಾಯಲಿ ಚಿಕ್ಕದಾಗಿ ಮರಾಠಿಯಲ್ಲಿ ಟಿಪ್ಪಣಿ ಬರೆದಿದ್ದಾಳೆ. ವಾಕ್ಯ ಇಷ್ಟೇ: “ರಾಯವ್ವಾ, ಇಲ್ಲಿ ಬಾ.” ಟಿಪ್ಪಣಿ: ‘ಇವರು ಹೆಂಡತಿಯನ್ನು ಎಂದೂ ಹೆಸರು ಹಿಡಿದು ಕರೆದಿಲ್ಲ. “ಏ, ಕೇಳ್ತ?” ಎನ್ನುತ್ತಾರಂತೆ. ಪೇಟೆಯಲ್ಲಿ ಫೋನು “ಏ” ಎಂದರೆ ಹತ್ತು ಮಂದಿ ತಿರುಗುತ್ತಾರೆ, ಹೆಸರೇ ಹೇಳಿ ಎಂದೆ. ನಾಲ್ಕನೇ ಸಲಕ್ಕೆ ಹೇಳಿದರು. ಆಕೆ ಹೊರಗೆ ಎದ್ದು ಹೋದಳು, ಆಮೇಲೆ ಬಂದು ಇನ್ನೊಮ್ಮೆ ಕೇಳಿಸು ಎಂದಳು.’

ಪೇಢೆಯ ಡಬ್ಬಿ ಹಾಗೇ ಇದೆ.

೧೫ ಡಿಸೆಂಬರ್, ರವಿವಾರ

ಊಟದ ಹೊತ್ತಿನಲ್ಲಿ ಮನೆಯಾಕೆಗೆ ಹೇಳಿದೆ. ಎಲ್ಲವನ್ನೂ. ಕೇಳುತ್ತ ಕೇಳುತ್ತ ತಾಟು ಸರಿಸಿ ಕುಳಿತಳು.

“ಸಾಯಲಿಗೆ ಹೇಳಿದ್ರಿ?”

ಇಲ್ಲ ಎಂದೆ. ಪತ್ರ ಪಕ್ಕಾ ಆಗಲಿ, ಜನವರಿ ಆಗಲಿ, ಆಮೇಲೆ ಸೂಕ್ಷ್ಮವಾಗಿ ತಿಳಿಸಿದರಾಯಿತು ಎಂದೆ.

“ಕ್ಷಮಾವಾಣಿ ದಿನಾ ಎಷ್ಟ ಮಂದಿಗೆ ಮೆಸೇಜ್ ಕಳಸ್ತೀರಿ?”

ಮುನ್ನೂರ ನಲವತ್ತು. ವ್ರತದ ಹತ್ತು ದಿನ ಮುಗಿದ ಮೇಲೆ ಕೈಮುಗಿದ ಚಿತ್ರ, ಕೆಳಗೆ ‘ಉತ್ತಮ ಕ್ಷಮಾ’, ಒಂದು ಬೆರಳು ಒತ್ತಿದರೆ ಎಲ್ಲರಿಗೂ ಹೋಗುತ್ತದೆ. ಈ ಸಪ್ಟೆಂಬರಿನಲ್ಲಿ ಸಾಯಲಿಗೂ ಹೋಗಿರಬೇಕು. ಆಗ ಆಕೆಗೆ ನಾನು ಏನೂ ಮಾಡಿರಲಿಲ್ಲ.

“ಮುನ್ನೂರ ನಲವತ್ತ ಮಂದಿಗೆ ಕೇಳಾವರಿಗೆ ಒಬ್ಬಾಕಿ ಜಡ ಆದಳೇನ್ರಿ?” ಎಂದು ತಾಟು ಎತ್ತಿಕೊಂಡು ಎದ್ದಳು.

ಆಕೆಯ ತಮ್ಮ ಫೋನ್ ಮಾಡಿದ್ದ. ಒಳಗಿನಿಂದ ಅವನ ದನಿ ಕೇಳಿಸುತ್ತಿತ್ತು, ಕಾಂಚನಕ್ಕಾ, ಕಾಂಚನಕ್ಕಾ ಎಂದು. ತವರಿನವರು ಆ ಹೆಸರನ್ನು ಬಿಟ್ಟೇ ಇಲ್ಲ. ಇಷ್ಟು ವರ್ಷ ಕೇಳುತ್ತಿದ್ದೆನಾದರೂ ಇವತ್ತು ಕಿವಿಗೆ ಬಿತ್ತು.

೧೯ ಡಿಸೆಂಬರ್, ಗುರುವಾರ

ಹಿಸ್ಟರಿಯ ಆ ಮೂರು ಸಾಲನ್ನು ಅಚ್ಚು ಹಾಕಿ, ಕೆಳಗೆ ‘ಎರಡನೆಯದು ಮತ್ತು ಮೂರನೆಯದು ನನ್ನ ಕೆಲಸ’ ಎಂದು ಬರೆದು ಸಹಿ ಮಾಡಿ ಅನುಜಾ ಮ್ಯಾಡಮ್ಮರ ಕೇಂದ್ರಕ್ಕೆ ಹೋದೆ. ಸಾಯಲಿ ಅಲ್ಲೇ ಕುಳಿತು ಯಾರದೋ ಫೋನಿಗೆ ಮಾತು ತುಂಬುತ್ತಿದ್ದಳು. ಎರಡು ವಾರದಿಂದ ಅಲ್ಲಿಗೇ ಬರುತ್ತಿದ್ದಾಳಂತೆ. ನನ್ನ ಮಾತನ್ನು ಮ್ಯಾಡಮ್ ನಂಬಿಯೇ ಇರಲಿಲ್ಲ ಎಂದಾಯಿತು.

ಮ್ಯಾಡಮ್ ಓದಿದರು. ಕೂಗಾಡಲಿಲ್ಲ. ಕೊಲ್ಹಾಪುರಕ್ಕೆ ನಿಮ್ಮ ಹೆಸರು ಹೇಳಿದವಳು ನಾನು, ಈಗ ಇದನ್ನೂ ಹೇಳಬೇಕಾಗುತ್ತದೆ ಎಂದರು. ಹೇಳಿ ಎಂದೆ. ಆ ಉತ್ತರ ನನ್ನ ಬಾಯಿಂದ ಅಷ್ಟು ಬೇಗ ಬಂದದ್ದು ನನಗೇ ಸೋಜಿಗ. ವ್ಯಾಪಾರಿ ಮನುಷ್ಯ ಎರಡು ದಿನ ಕಾಲಾವಕಾಶ ಕೇಳಬೇಕಿತ್ತು.

ಸಾಯಲಿಯ ಎದುರು ನಿಂತು, ತಪ್ಪು ನನ್ನದು, ನಿನ್ನ ಮೇಲೆ ಹಾಕಿದೆ ಎಂದೆ.

“ಗೊತ್ತಿತ್ತ ಕಾಕಾ,” ಎಂದಳು. “ಝಾಡೂ ಹೆಂಗ ನಡೀತೈತಿ ಅಂತ ನನಗ ಕಲಿಸಿದಾವ್ರು ನೀವ.”

ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮೂರು ವರ್ಷ ನಿಮ್ಮ ಹತ್ತಿರ ಕೆಲಸ ಮಾಡಿದ್ದೇನೆ, ನೀವೇ ಹೇಳುತ್ತೀರೋ ಇಲ್ಲವೋ ನೋಡುತ್ತಿದ್ದೆ ಎಂದು ಮರಾಠಿಯಲ್ಲಿ ಹೇಳಿ ಮತ್ತೆ ಕೆಲಸಕ್ಕೆ ತಿರುಗಿದಳು. ಹದಿನಾರು ದಿನ ತೆಗೆದುಕೊಂಡಿದ್ದೇನೆ. ವಾಪಸ್ ಬರುತ್ತೀಯಾ ಎಂದು ಕೇಳುವ ಮನಸ್ಸಿತ್ತು, ಚಪ್ಪಲಿ ಮೆಟ್ಟಿ ಹೊರಬಿದ್ದೆ.

೨೨ ಡಿಸೆಂಬರ್, ರವಿವಾರ

ಹರಿಪುರಕ್ಕೆ ಹೋಗಿ ಬಂದೆ.

ಸಂಗಮದ ಕಡೆ ಇಳಿಯುವ ದಾರಿಯಲ್ಲಿ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಎದೆಯೆತ್ತರಕ್ಕೆ ಹಳೆಯ ಮಹಾಪೂರದ ಕಲೆ. ಹೊರಗೆ ಎಮ್ಮೆ ಇತ್ತು. ಹನ್ನೊಂದನೆಯ ವಾಕ್ಯ ಎಂದು ನೆನಪಾಯಿತು.

ರಾವಸಾಬ ಕಟ್ಟೆಯ ಮೇಲೆ ಕುಳಿತಿದ್ದ, ಕೊರಳಿಗೆ ಬಿಳಿ ಬಟ್ಟೆ. ಹೆಗಲು ಇನ್ನೂ ಹಮಾಲನದೇ. ರಾಯವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ನಾನು ಅಂಗಳದಲ್ಲೇ ನಿಂತು ಹೇಳಿದೆ. ಫೈಲ್ ಸಿಸ್ಟಮ್, ಸ್ನ್ಯಾಪ್‌ಶಾಟ್ ಎಲ್ಲ ಬಿಟ್ಟೆ. ನಿಮ್ಮ ಮಾತು ಇಟ್ಟಿದ್ದ ಗಂಟಿನ ಮೇಲೆ ನಿಮ್ಮ ಹೆಸರಿತ್ತು, ನಾನು ಅದನ್ನು ಕಿತ್ತು ಬೇರೆ ಹೆಸರು ಹಚ್ಚಿದೆ, ಕಸ ಗುಡಿಸುವಾಗ ಅದೂ ಹೋಯಿತು ಎಂದೆ. ಸಾಯಲಿಯದು ಏನೂ ತಪ್ಪಿಲ್ಲ ಎಂದೆ.

ರಾಯವ್ವ ಕೇಳಿದಳು: “ನನ್ನ ಹೆಸರ ತಗೊಂಡ ಕರದಿದ್ರಲ್ರಿ ಇವರು, ಅದೂ ಹೋತೇನ್ರಿ?”

“ಹೋತವ್ವಾ.”

ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎಮ್ಮೆಯ ಕಡೆ ಹೋದಳು. ಎಮ್ಮೆಗೆ ನೀರು ಆಗಲೇ ಇಟ್ಟಿತ್ತು.

ನಾನು ನಿಂತೇ ಇದ್ದೆ. ಹೊರಡಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಆಗ ರಾವಸಾಬ ಪಕ್ಕದಲ್ಲಿದ್ದ ಹೊಸ ಫೋನು ಎತ್ತಿ ಬೆರಳು ಒತ್ತಿದ. ತುಂಬಿದ, ಒರಟಾದ ಒಂದು ಗಂಡುದನಿ ಅಂಗಳಕ್ಕೆಲ್ಲ ಕೇಳಿಸಿತು:

“ಬಾಯೀ, ನೀವೂ ಕುಂದ್ರಿ. ಎಷ್ಟೊತ್ತ ನಿಂದರತೀರಿ?”

ನಾನು ಅವನ ಮುಖ ನೋಡಿದೆ. ತುಟಿ ಅಲುಗಲಿಲ್ಲ. ಕಣ್ಣಿನಲ್ಲಿ ನಗು ಇತ್ತು. ಗಂಡಸಾದ ನನ್ನನ್ನು ಬಾಯಿ, ಅಂದರೆ ಅಮ್ಮಾ, ಎಂದು ಕರೆದದ್ದಕ್ಕೆ ಇರಬೇಕು.

ಆಮೇಲೆ ಮೊಮ್ಮಗ ಯಶ ಹೇಳಿದ. ರೆಕಾರ್ಡ್ ಶುರುವಾಗುವ ಮುಂಚೆ ಮೈಕು ಸರಿಯಿದೆಯೋ ಎಂದು ನೋಡಲು ಏನಾದರೂ ಮಾತಾಡಿ ಎಂದಿದ್ದಳಂತೆ ಸಾಯಲಿ. ನಿಂತು ಕೆಲಸ ಮಾಡುತ್ತಿದ್ದ ಆಕೆಗೇ ಇವನು ಅಂದದ್ದು ಇದು. ಪರೀಕ್ಷೆಯ ತುಣುಕುಗಳು ರೆಕಾರ್ಡರಿನ ಒಳಮೆಮೊರಿಯಲ್ಲಿ ಬೀಳುತ್ತವೆ, ಅವುಗಳನ್ನು ಯಾರೂ ನಕಲು ಮಾಡುವುದಿಲ್ಲ, ಯಾರೂ ಅಳಿಸುವುದೂ ಇಲ್ಲ. ಸಾಯಲಿ ನನ್ನ ಅಂಗಡಿ ಬಿಟ್ಟ ಮೂರನೇ ದಿನ ಕೇಂದ್ರದ ರೆಕಾರ್ಡರಿನಲ್ಲಿ ಅದನ್ನು ಹುಡುಕಿ, ಇಲ್ಲಿಗೇ ಬಂದು ಫೋನಿಗೆ ಹಾಕಿಕೊಟ್ಟು ಹೋಗಿದ್ದಾಳೆ. ನಾನು ‘ಹೇಳಲಿಲ್ಲ’ ಎಂದು ಬರೆಯುವುದಕ್ಕೂ ಮುಂಚಿನ ಮಾತು ಅದು. ಈಗ ಬಂದವರಿಗೆಲ್ಲ, ಹಾಲು ಒಯ್ಯುವವನಿಗೂ, ವೈರಿಗೂ, ಅಜ್ಜನದು ಇದೊಂದೇ ಮಾತು ಎಂದು ಯಶ ಮರಾಠಿಯಲ್ಲಿ ಹೇಳಿದ.

ರಾವಸಾಬ ಇನ್ನೊಮ್ಮೆ ಒತ್ತಿದ. ನಾನು ಕುಳಿತೆ.

ಹೊತ್ತು ಮುಳುಗಿದ ಮೇಲೆ ಮನೆಗೆ ಬಂದೆ. ಊಟ ತಪ್ಪಿತು. ಕಾಂಚನ ಏನೂ ಕೇಳದೆ ನೀರು ತಂದಿಟ್ಟಳು.

೨೮ ಡಿಸೆಂಬರ್, ಶನಿವಾರ

ಕೊಲ್ಹಾಪುರದವರು ಪತ್ರ ವಾಪಸ್ ಪಡೆದರು. ಒಂದೂವರೆ ಸಾಲಿನ ಈಮೇಲ್.

ಕಪ್ಪು ಪರದೆಯ ಎದುರು ಕುಳಿತು ಕೋಣೆಯ ಹೆಸರನ್ನು ‘ವಾಣಿ’ಯಿಂದ ಮತ್ತೆ ‘ಸಾಯಲಿ’ಗೆ ಬದಲಿಸಿದೆ. ಉಳಿದವಕ್ಕೆ ಚೀಟಿ ನೋಡಿ ಹಳೆಯ ಹೆಸರು ಕೊಟ್ಟೆ. ರಾವಸಾಬ-ಶನಿವಾರ ಎಂದೂ ಒಂದು ಸಲ ಬರೆದು ಎಂಟರ್ ಒತ್ತಿದೆ. ಅಂಥದ್ದು ಇಲ್ಲ ಎಂದು ಬೈಯಿತು.

ಯಾರಿಗೆ ಏನು ಬಂತು, ಬರೆದು ಮುಗಿಸುತ್ತೇನೆ.

ಅನುಜಾ ಮ್ಯಾಡಮ್: ಕೆಲಸ ಬಲ್ಲ ಒಬ್ಬಳು ಕಾಯಂ, ಇನ್ನು ಮೇಲೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಎರಡು ಡಿಸ್ಕು.

ಸಾಯಲಿ: ನೌಕರಿ, ಕುರ್ಚಿ, ನನ್ನ ಸಹಿಯ ಒಂದು ಹಾಳೆ.

ಯಶ: ಅಜ್ಜನ ಫೋನಿನಲ್ಲಿ ಆಟ.

ಕಾಂಚನ: ಹೆಸರು. ಬುಧವಾರದಿಂದ ಎರಡು ಸಲ ಓಗೊಟ್ಟಿದ್ದಾಳೆ, ಒಂದು ಸಲ ಯಾರನ್ನು ಕರೀತೀರಿ ಎಂದು ಕೇಳಿದಳು.

ನಾನು: ಹರಿಪುರದ ಕಟ್ಟೆಯ ಮೇಲೆ ಕೂರಲು ಜಾಗ.

ರಾವಸಾಬ: ಇನ್ನೂರ ಹನ್ನೆರಡಕ್ಕೆ ಒಂದು.

ರಾಯವ್ವ: ತನ್ನ ಹೆಸರು, ಎರಡು ಸಲ ಕೇಳಿದ್ದು. ಅದು ಅಕ್ಟೋಬರ್ ಐದರಂದು ಬಂದದ್ದು, ನನ್ನಿಂದ ಏನೂ ಇಲ್ಲ.